ಇಡೀ ದೇಶ ಕೊಂಡೆ ಅಂದ ಹುಡುಗ ಮತ್ತು ನಮ್ಮ ಭದ್ರಾವತಿ



ಪೋಸ್ಟ್ ಉದ್ದ ಇದೆ. ಬಸ್ಸಲ್ಲೋ, ಊಟದ ಬಿಡುವಲ್ಲೋ ನಿಧಾನವಾಗಿ ಓದಿ. ಬೈಯೋದಿದ್ರೆ ಪೂರ್ತಿ ಓದಿ ಆಮೇಲೆ ಬೈಯಿರಿ.

ಮೊನ್ನೆ ಭಾನುವಾರ ಮೀಟಿಂಗ್ ಮುಗಿಸಿ ಭದ್ರಾವತಿಯ ರಂಗಪ್ಪ ಸರ್ಕಲ್ ಹತ್ರ ಟೀ ಕುಡೀತಾ ನಿಂತಿದ್ವಿ. ನಮ್ಮ ಕೇರಿಯ ಹುಡುಗ ಒಬ್ಬ ಬೆಂಗಳೂರಿಂದ ಬಂದಿದ್ದ. ಇಪ್ಪತ್ತಾರು ವರ್ಷ, ಒಂದು ಕಂಪನಿಯಲ್ಲಿ ಕೆಲಸ. ಮೊಬೈಲ್ ತೆಗೆದು ತೋರಿಸಿದ. "ಅಣ್ಣ, ತಿಂಗಳಿಗೆ ಎರಡು ಸಾವಿರ ಇಟಿಎಫ್‌ಗೆ ಹಾಕ್ತಿದೀನಿ. ನಿಫ್ಟಿ ಇಟಿಎಫ್. ಒಂದು ಯೂನಿಟ್ ತಗೊಂಡ್ರೆ ಇಡೀ ಇಂಡಿಯಾನೇ ಕೊಂಡ ಹಾಗೆ."

ಪಕ್ಕದಲ್ಲಿದ್ದ ನಮ್ಮ ಹಿರಿಯ ಸಂಗಾತಿಗೆ ಸಿಟ್ಟು ಬಂತು. "ಮೇಲೆ ನೀಲಿ ಶಾಲು, ಒಳಗೆ ಅಂಬಾನಿ ಅದಾನಿ ಷೇರು. ಚೆನ್ನಾಗಿದೆ ಕಣಪ್ಪ ನಿನ್ ಹೋರಾಟ" ಅಂದ್ರು. ಹುಡುಗನ ಮುಖ ಸಣ್ಣದಾಯ್ತು. ಟೀ ಲೋಟ ಇಟ್ಟು ಹೊರಟೇಬಿಟ್ಟ.

ನಾನು ಸುಮ್ಮನಿದ್ದೆ. ಆ ಸುಮ್ಮನಿದ್ದದ್ದು ತಪ್ಪು ಅಂತ ಮೂರು ದಿನದಿಂದ ಅನ್ನಿಸ್ತಿದೆ. ಯಾಕಂದ್ರೆ ನಾನೂ ಹಾಕ್ತಿದೀನಿ. ತಿಂಗಳಿಗೆ ಒಂದು ಸಾವಿರ, ನಾಲ್ಕು ವರ್ಷದಿಂದ. ಶಿವಮೊಗ್ಗದ ಒಂದು ಖಾಸಗಿ ಕಚೇರಿಯಲ್ಲಿ ಕ್ಲರ್ಕ್ ನಾನು. ದಿನಾ ಭದ್ರಾವತಿಯಿಂದ ಬಸ್ಸಲ್ಲಿ ಓಡಾಡ್ತೀನಿ. ಆ ಸಾವಿರ ರೂಪಾಯಿ ವಿಷಯ ಮನೆಯವಳಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಚಳವಳಿಯವರು ಏನಂತಾರೋ ಅನ್ನೋ ನಾಚಿಕೆ. ಇವತ್ತು ಹೇಳಿಬಿಡ್ತೀನಿ. ಹುಡುಗ ಹೇಳಿದ್ದರಲ್ಲಿ ಅರ್ಧ ಸರಿ. ಹಿರಿಯರು ಹೇಳಿದ್ದರಲ್ಲೂ ಅರ್ಧ ಸರಿ. ಉಳಿದ ಎರಡು ಅರ್ಧಗಳ ಬಗ್ಗೆ ಈ ಪೋಸ್ಟ್.

ಮೊದಲು ಇದು ಏನು ಅಂತ ಗೊತ್ತಿಲ್ಲದವರಿಗೆ. ಇಟಿಎಫ್ ಅಂದ್ರೆ ಬಹಳ ಕಂಪನಿಗಳ ಷೇರುಗಳನ್ನ ಒಂದೇ ಬುಟ್ಟಿಯಲ್ಲಿಟ್ಟು, ಆ ಬುಟ್ಟಿಯ ಸಣ್ಣ ಸಣ್ಣ ಪಾಲನ್ನ ಷೇರಿನ ಹಾಗೇ ಮಾರುಕಟ್ಟೆಯಲ್ಲಿ ಕೊಡೋದು ಕೊಳ್ಳೋದು. ಡಿಮ್ಯಾಟ್ ಖಾತೆ ಬೇಕು. ಯಾವ ಷೇರು ಏರುತ್ತೆ ಅಂತ ಯಾರೂ ತಲೆ ಕೆಡಿಸಿಕೊಳ್ಳಲ್ಲ. ನಿಫ್ಟಿ 50ರ ಪಟ್ಟಿಯಲ್ಲಿ ಯಾವ ಕಂಪನಿ ಎಷ್ಟಿದೆಯೋ ಅಷ್ಟೇ ಬುಟ್ಟಿಯಲ್ಲೂ ಇರುತ್ತೆ. ಅದಕ್ಕೇ ಖರ್ಚು ಕಡಿಮೆ. ದೊಡ್ಡ ನಿಫ್ಟಿ ಇಟಿಎಫ್‌ಗಳಲ್ಲಿ ನೂರು ರೂಪಾಯಿಗೆ ವರ್ಷಕ್ಕೆ ಹತ್ತು ಪೈಸೆಯೂ ತಗೊಳ್ಳಲ್ಲ. ನಮ್ಮ ದೇಶದಲ್ಲಿ ಇಂಥ ಮೊದಲ ಇಟಿಎಫ್ ಬಂದಿದ್ದು 2002ರ ಜನವರಿಯಲ್ಲಿ. ಹೊರಗಿನವರಿಗೂ ಇಂಥದ್ದೇ ಇದೆ. ಅಮೆರಿಕದ ಷೇರುಪೇಟೆಯಲ್ಲಿ 2012ರಿಂದ ಐಷೇರ್ಸ್ ಎಂಎಸ್‌ಸಿಐ ಇಂಡಿಯಾ ಅನ್ನೋ ಇಟಿಎಫ್ ಇದೆ. ಅಲ್ಲಿಯವನು ಬೆಳಿಗ್ಗೆ ಒಂದು ಬಟನ್ ಒತ್ತಿ 'ಇಂಡಿಯಾ' ಕೊಳ್ಳಬಹುದು, ಮಧ್ಯಾಹ್ನ ಮನಸ್ಸು ಬದಲಾದ್ರೆ ಮಾರಬಹುದು.

ಈಗ 'ಇಡೀ ದೇಶ' ಅನ್ನೋ ಮಾತಿಗೆ ಬರ್ತೀನಿ. ನಿಫ್ಟಿ ಅಂದ್ರೆ 50 ಕಂಪನಿ. ನೀವು ಹಾಕಿದ ನೂರು ರೂಪಾಯಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಬ್ಯಾಂಕು, ಫೈನಾನ್ಸ್ ಕಂಪನಿಗಳಿಗೇ ಹೋಗುತ್ತೆ. ಆಮೇಲೆ ರಿಲಯನ್ಸ್, ಇನ್ಫೋಸಿಸ್, ಟಿಸಿಎಸ್ ಇಂಥವು. ಗದ್ದೆ ಕೆಲಸದವರು, ಗಾರೆ ಕೆಲಸದವರು, ಪೌರಕಾರ್ಮಿಕರು, ಮನೆಗೆಲಸದ ಹೆಣ್ಣುಮಕ್ಕಳು ಆ ದೇಶದಲ್ಲಿ ಇಲ್ಲ. ಇನ್ನು ಆ ಕಂಪನಿಗಳನ್ನ ನಡೆಸೋರು ಯಾರು? 2012ರಲ್ಲಿ ಇಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿಯಲ್ಲಿ ಒಂದು ಅಧ್ಯಯನ ಬಂತು. ದೇಶದ 1,000 ದೊಡ್ಡ ಕಂಪನಿಗಳ ಆಡಳಿತ ಮಂಡಳಿಗಳನ್ನ ಲೆಕ್ಕ ಹಾಕಿದ್ರು. ನೂರಕ್ಕೆ 93 ಜನ ಮೇಲ್ಜಾತಿಯವರು. ಎಸ್‌ಸಿ, ಎಸ್‌ಟಿ ಇಬ್ಬರೂ ಸೇರಿ ಮೂರೂವರೆ. ಹುಡುಗ ಕೊಂಡಿದ್ದು ಇಡೀ ದೇಶ ಅಲ್ಲ. ಊರಿನ ಮೇಲಿನ ಬೀದಿಯ ಒಂದು ಚೂರು ಕೊಂಡಿದ್ದಾನೆ ಅಷ್ಟೇ.

ಹಾಗಾದ್ರೆ ಹಿರಿಯರು ಹೇಳಿದ್ದೇ ಸರಿಯಾ? ನಮ್ಮವರು ಅದರ ಹತ್ತಿರಕ್ಕೇ ಹೋಗಬಾರದಾ?

ಹಿರಿಯ ಸಂಗಾತಿಗೆ ನಾನು ಕೈಮುಗಿದು ಒಂದು ಮಾತು ಕೇಳ್ತೀನಿ. ಅಣ್ಣ, ನಿಮ್ಮ ಮಗ ಮಾಚೇನಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡ್ತಾನೆ. ಅವನಿಗೆ ಪಿಎಫ್ ಕಟ್ ಆಗುತ್ತೆ ತಾನೆ? ನನಗೂ ಆಗುತ್ತೆ. 2015ರ ಆಗಸ್ಟ್‌ನಿಂದ ಪಿಎಫ್ ಸಂಸ್ಥೆ ನಮ್ಮ ದುಡ್ಡಲ್ಲಿ ಇಟಿಎಫ್ ಕೊಳ್ತಿದೆ. ಮೊದಲು ಹೊಸದಾಗಿ ಬರೋ ಹಣದಲ್ಲಿ ಶೇ. 5, ಆಮೇಲೆ ಶೇ. 10, 2017ರಿಂದ ಶೇ. 15ರವರೆಗೆ. ನಿಫ್ಟಿ ಇಟಿಎಫ್, ಸೆನ್ಸೆಕ್ಸ್ ಇಟಿಎಫ್, ಸಿಪಿಎಸ್‌ಇ, ಭಾರತ್ 22. ನಮ್ಮ ಪಾಸ್‌ಬುಕ್ಕಲ್ಲಿ ಆ ಯೂನಿಟ್ ಕಾಣಲ್ಲ, ವರ್ಷಕ್ಕೊಂದು ಬಡ್ಡಿ ಮಾತ್ರ ಕಾಣುತ್ತೆ. 2006ರ ಏಪ್ರಿಲ್ ನಂತರ ರಾಜ್ಯ ಸರ್ಕಾರಿ ಕೆಲಸಕ್ಕೆ ಸೇರಿದ ನಮ್ಮ ಮೇಷ್ಟ್ರುಗಳು, ನರ್ಸುಗಳು ಎನ್‌ಪಿಎಸ್‌ನಲ್ಲಿದ್ದಾರೆ. ಅವರ ದುಡ್ಡಿನ ಒಂದು ಪಾಲೂ ಷೇರಿಗೆ ಹೋಗುತ್ತೆ.

ಅಂದ್ರೆ ಆ ಹುಡುಗ ಮೊಬೈಲಲ್ಲಿ ಬಟನ್ ಒತ್ತಿ ಕೊಂಡ. ನಾವು ಬಟನ್ ಒತ್ತದೇ ಕೊಂಡಿದ್ದೀವಿ. ಪೌರಕಾರ್ಮಿಕನ ಪಿಎಫ್ ಕೂಡ ಮುಂಬಯಿಗೆ ಹೋಗಿ ನಿಫ್ಟಿ ಕೊಂಡು ಬಂದಿದೆ. ಗುತ್ತಿಗೆದಾರ ನಿಯತ್ತಾಗಿ ಪಿಎಫ್ ಕಟ್ಟಿದ್ರೆ ಅನ್ನೋದು ಬೇರೆ ಮಾತು. ಹಾಗಾಗಿ ಒಳಗೆ ಹೋಗಬೇಕಾ ಬೇಡ್ವಾ ಅನ್ನೋ ಪ್ರಶ್ನೆ ಹತ್ತು ವರ್ಷ ಹಳೇದು. ಒಳಗಿದ್ದೀವಿ. ಕಣ್ಣು ಬಿಟ್ಟುಕೊಂಡಿರೋಣವಾ, ಮುಚ್ಚಿಕೊಂಡಿರೋಣವಾ ಅನ್ನೋದೇ ಈಗಿನ ಪ್ರಶ್ನೆ.

ಇಲ್ಲಿ ಬಾಬಾಸಾಹೇಬರ ಬದುಕಿನ ಒಂದು ಸಣ್ಣ ಸಂಗತಿ ನೆನಪು ಮಾಡ್ತೀನಿ. ಕೊಲಂಬಿಯಾ, ಲಂಡನ್‌ನಲ್ಲಿ ಅರ್ಥಶಾಸ್ತ್ರ ಓದಿ ಮುಂಬಯಿಗೆ ಬಂದ ಹೊಸದರಲ್ಲಿ ಅವರು ಹೊಟ್ಟೆಪಾಡಿಗೆ ಷೇರು ವ್ಯವಹಾರದವರಿಗೆ ಸಲಹೆ ಕೊಡೋ ಒಂದು ಕಚೇರಿ ತೆರೆದಿದ್ರು. ಸಲಹೆ ಕೊಡೋನು ಅಸ್ಪೃಶ್ಯ ಅಂತ ಗೊತ್ತಾದ ಮೇಲೆ ಗಿರಾಕಿಗಳು ಬರೋದು ನಿಂತೋಯ್ತು. ಕಚೇರಿ ಮುಚ್ಚಬೇಕಾಯ್ತು. ರೂಪಾಯಿಯ ಸಮಸ್ಯೆ ಬಗ್ಗೆ 1923ರಲ್ಲಿ ಪುಸ್ತಕ ಬರೆದ ಮನುಷ್ಯನಿಗೆ ಷೇರುಪೇಟೆ ಅರ್ಥ ಆಗಿರಲಿಲ್ಲ ಅಂತ ಯಾರಾದ್ರೂ ಹೇಳ್ತಾರಾ? ಅರ್ಥ ಆಗಿತ್ತು. ಪೇಟೆಯವರೇ ಒಳಗೆ ಬಿಟ್ಟುಕೊಳ್ಳಲಿಲ್ಲ.

ಆದ್ರೆ ಅದೇ ಬಾಬಾಸಾಹೇಬರು 1947ರಲ್ಲಿ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್' ಬರೆದಾಗ ನಮ್ಮವರು ಷೇರು ಕೊಳ್ಳಲಿ ಅನ್ನಲಿಲ್ಲ. ಮೂಲ ಉದ್ಯಮಗಳು ಸರ್ಕಾರದ ಕೈಯಲ್ಲಿರಬೇಕು, ವಿಮೆ ಸರ್ಕಾರದ ಕೈಯಲ್ಲಿರಬೇಕು ಅಂದ್ರು. ಆದ್ದರಿಂದ ಇಟಿಎಫ್ ಅಂಬೇಡ್ಕರ್ ದಾರಿ ಅಂತ ನಾನು ಹೇಳಲ್ಲ. ಹಾಗೆ ಹೇಳೋ ಯೂಟ್ಯೂಬ್ ಗುರುಗಳಿಂದ ದೂರ ಇರಿ.

ಸರ್ಕಾರದ ಕೈಯಲ್ಲಿರೋ ಉದ್ಯಮ ಅಂದ್ರೆ ಏನು ಅಂತ ಭದ್ರಾವತಿಯವರಿಗೆ ಪುಸ್ತಕ ಓದಿ ತಿಳಿಯಬೇಕಿಲ್ಲ. ಬಾಬಾಸಾಹೇಬರ ರೂಪಾಯಿ ಪುಸ್ತಕ ಬಂದ ವರ್ಷವೇ, 1923ರ ಜನವರಿಯಲ್ಲಿ, ಇಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಶುರುವಾಯ್ತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಸೌದೆ, ಭದ್ರಾ ನೀರು. 1936ರಲ್ಲಿ ಪೇಪರ್ ಮಿಲ್ ಕಂಪನಿ ಹುಟ್ಟಿತು. ಆ ಎರಡು ಕಾರ್ಖಾನೆ ಮೇಲೆ ಊರು ನಿಂತಿತು. ನ್ಯೂಟೌನ್, ಪೇಪರ್ ಟೌನ್, ಆಸ್ಪತ್ರೆ, ಶಾಲೆ, ಮೈದಾನ. ತಮಿಳರು, ತೆಲುಗರು, ಮುಸ್ಲಿಮರು, ನಮ್ಮವರು ಒಂದೇ ಸೈರನ್‌ಗೆ ಎದ್ದು ಕೆಲಸಕ್ಕೆ ಹೋದ್ರು. ಎಪ್ಪತ್ತರ ದಶಕದಲ್ಲಿ ಇದೇ ಊರಿನ ಕಾಲೇಜಿನಲ್ಲಿ ಪಾಠ ಮಾಡ್ತಿದ್ದ ಪ್ರೊ. ಬಿ. ಕೃಷ್ಣಪ್ಪನವರು ದಲಿತ ಸಂಘರ್ಷ ಸಮಿತಿ ಕಟ್ಟಿದ್ರು. ಕಾರ್ಖಾನೆ ಊರಲ್ಲೇ ಅದು ಹುಟ್ಟಿದ್ದು ಕಾಕತಾಳೀಯ ಅಂತ ನನಗೆ ಅನ್ನಿಸಲ್ಲ. ಸಂಬಳದ ದಿನ ಗೊತ್ತಿರೋ ಜನಕ್ಕೆ ಗೌಡನ ಮನೆ ಮುಂದೆ ಕೈಕಟ್ಟಿ ನಿಲ್ಲೋ ಅಗತ್ಯ ಇರಲ್ಲ.

ನಮ್ಮಪ್ಪ ಕಾರ್ಖಾನೆಯ ಖಾಯಂ ಕಾರ್ಮಿಕ. ನಾವು ಮೂವರು ಮಕ್ಕಳು ಓದಿದ್ದು ಆ ಸಂಬಳದಲ್ಲಿ. ನಾನು ಬಿಎ ಮಾಡಿದ್ದು ಆ ಸಂಬಳದಲ್ಲಿ.

ಅಪ್ಪ 2003ರಲ್ಲಿ ನಿವೃತ್ತಿ ಆದಾಗ ಬಂದ ದುಡ್ಡಲ್ಲಿ ಅಕ್ಕನ ಮದುವೆ ಸಾಲ ತೀರಿಸಿ ಎರಡೂವರೆ ಲಕ್ಷ ಉಳೀತು. ಒಂದು ಖಾಸಗಿ ಫೈನಾನ್ಸ್‌ನವರು ಮನೆಗೇ ಬಂದ್ರು. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ ಅಂದ್ರು. ಅಪ್ಪ ಅಷ್ಟನ್ನೂ ಕೊಟ್ಟರು. ಹದಿಮೂರು ತಿಂಗಳು ಬಡ್ಡಿ ಬಂತು. ಹದಿನಾಲ್ಕನೇ ತಿಂಗಳು ಅಪ್ಪ ಹೋದಾಗ ಬಾಗಿಲಿಗೆ ಬೀಗ. ರಸೀದಿಗಳನ್ನ ಟ್ರಂಕಿನಲ್ಲಿ, ಅಂಬೇಡ್ಕರ್ ಫೋಟೋ ಸುತ್ತಿಟ್ಟಿದ್ದ ಬಟ್ಟೆಯಲ್ಲೇ ಇಟ್ಟುಕೊಂಡಿದ್ರು ಸಾಯೋವರೆಗೂ.

ಅದೇ 2003ರ ಏಪ್ರಿಲ್‌ನಲ್ಲಿ ನಿಫ್ಟಿ 1,000ದ ಆಸುಪಾಸಿನಲ್ಲಿತ್ತು. 2024ರ ಸೆಪ್ಟೆಂಬರ್‌ನಲ್ಲಿ 26,000 ದಾಟಿತು. ನಿಫ್ಟಿ ಇಟಿಎಫ್ ಆಗಲೇ ಒಂದು ವರ್ಷದಿಂದ ಸಿಗ್ತಿತ್ತು. ನಮ್ಮ ಕೇರಿಗೆ ಆ ಸುದ್ದಿ ಬರಲಿಲ್ಲ. ಫೈನಾನ್ಸ್‌ನವನು ಬಂದ. ಇದನ್ನ ನಾನು ಎಷ್ಟೋ ರಾತ್ರಿ ಲೆಕ್ಕ ಹಾಕಿದ್ದೀನಿ. ಹೊಟ್ಟೆ ಉರಿಯುತ್ತೆ.

ಆದ್ರೆ ಲೆಕ್ಕ ಅಲ್ಲಿಗೆ ನಿಲ್ಲಿಸಿದ್ರೆ ನಾನೂ ಯೂಟ್ಯೂಬ್ ಗುರುವೇ. ಮುಂದಕ್ಕೆ ಹೋಗ್ತೀನಿ. ಅಪ್ಪ ಇಟಿಎಫ್ ಕೊಂಡಿದ್ರು ಅಂತಲೇ ಇಟ್ಟುಕೊಳ್ಳಿ. 2008ರ ಜನವರಿಯಲ್ಲಿ ನಿಫ್ಟಿ 6,300ರ ಹತ್ತಿರ ಇತ್ತು. ಅಕ್ಟೋಬರ್‌ನಲ್ಲಿ ಸುಮಾರು 2,500ಕ್ಕೆ ಬಂತು. ನೂರು ರೂಪಾಯಿ ನಲವತ್ತಾಯ್ತು. ಅಮ್ಮನ ಆಪರೇಷನ್ ಆಗಿದ್ದು 2009ರ ಶುರುವಿನಲ್ಲಿ. ಅಪ್ಪ ಆಗ ಏನು ಮಾಡ್ತಿದ್ರು? ಮಾರ್ತಿದ್ರು, ಬಿದ್ದ ಬೆಲೆಗೆ. ಮಾರಲೇಬೇಕಿತ್ತು. 2020ರ ಮಾರ್ಚ್‌ನಲ್ಲೂ ಹಾಗೇ. ಜನವರಿಯಲ್ಲಿ 12,000ದ ಮೇಲಿದ್ದದ್ದು ಮಾರ್ಚ್ 23ಕ್ಕೆ 7,600. ಅದೇ ವಾರ ಲಾಕ್‌ಡೌನ್, ಅದೇ ವಾರ ನಮ್ಮವರ ಕೂಲಿ ನಿಂತಿದ್ದು. ಮಾರುಕಟ್ಟೆ ಬೀಳೋದೂ ಬಡವನ ಮನೆಗೆ ಕಷ್ಟ ಬರೋದೂ ಬಹಳ ಸಲ ಒಂದೇ ವಾರದಲ್ಲಿ ಆಗುತ್ತೆ. ಎರಡಕ್ಕೂ ಕಾರಣ ಒಂದೇ ಆಗಿರುತ್ತೆ.

ಇದೇ ನನ್ನ ಮುಖ್ಯ ಮಾತು ಗೆಳೆಯರೇ. ಷೇರುಪೇಟೆ ಬುದ್ಧಿವಂತನಿಗಿಂತ ಹೆಚ್ಚಾಗಿ ಕಾಯೋನಿಗೆ ದುಡ್ಡು ಕೊಡುತ್ತೆ. ಕಾಯೋದಕ್ಕೆ ಮನೆಯಲ್ಲಿ ಅಕ್ಕಿ ಇರಬೇಕು, ಆಸ್ಪತ್ರೆ ಖರ್ಚಿಗೆ ಬೇರೆ ದಾರಿ ಇರಬೇಕು, ಮುಂದಿನ ತಿಂಗಳ ಸಂಬಳ ಖಾತ್ರಿ ಇರಬೇಕು. ನಮ್ಮ ಜನಕ್ಕೆ ತಲೆಮಾರುಗಳ ಮೇಲೆ ಮೊದಲ ಸಲ ಕಾಯೋ ಶಕ್ತಿ ಕೊಟ್ಟಿದ್ದು ಖಾಯಂ ಕೆಲಸ, ಅದರಲ್ಲೂ ಮೀಸಲಾತಿ ಇದ್ದ ಸಾರ್ವಜನಿಕ ಉದ್ಯಮದ ಕೆಲಸ. ಅದು ಇದ್ದೋನಿಗೆ ಇಟಿಎಫ್ ಉಳಿತಾಯ. ಇಲ್ಲದೋನಿಗೆ ಅದೇ ಇಟಿಎಫ್ ಜೂಜು.

ಆ ಕೆಲಸಗಳು ಎಲ್ಲಿಗೆ ಹೋದ್ವು ನೋಡಿ. ಪೇಪರ್ ಮಿಲ್ 2015ರ ಹೊತ್ತಿಗೆ ನಿಂತೋಯ್ತು. ಕಬ್ಬಿಣದ ಕಾರ್ಖಾನೆ 1989ರಲ್ಲಿ ಸೈಲ್ ಕೈಗೆ ಬಂತು, 1998ರಲ್ಲಿ ಅದರಲ್ಲಿ ವಿಲೀನ ಆಯ್ತು. 2016ರಲ್ಲಿ ಮಾರೋದಕ್ಕೆ ಕೇಂದ್ರ ಒಪ್ಪಿತು. ಕೊಳ್ಳೋರು ಸರಿಯಾಗಿ ಬರಲಿಲ್ಲ, 2022ರಲ್ಲಿ ಆ ಪ್ರಕ್ರಿಯೆ ಕೈಬಿಟ್ರು. 2023ರ ಜನವರಿಯಲ್ಲಿ, ಕಾರ್ಖಾನೆಗೆ ನೂರು ತುಂಬೋ ತಿಂಗಳಲ್ಲೇ, ಮುಚ್ಚೋ ತೀರ್ಮಾನ ಬಂತು. ಗುತ್ತಿಗೆ ಕಾರ್ಮಿಕರು ಗೇಟ್ ಮುಂದೆ ಧರಣಿ ಕೂತರು. ನೀವೂ ಬಂದು ಕೂತಿದ್ರಿ, ನಾನೂ ಕೂತಿದ್ದೆ. ಆಮೇಲೆ ಮಂತ್ರಿಗಳು ಬಂದ್ರು, ಉಳಿಸ್ತೀವಿ ಅಂದ್ರು. ಆ ಮಾತನ್ನ ಅವರು ಉಳಿಸಿಕೊಳ್ಳೋ ಹಾಗೆ ನೋಡಿಕೊಳ್ಳೋದು ನಮ್ಮ ಕೆಲಸ.

ಈಗ ಒಂದು ಸಂಗತಿ ಕೇಳಿ. ಭದ್ರಾವತಿ ಕಾರ್ಖಾನೆಯ ಒಡೆಯ ಸೈಲ್ ಕೂಡ ಒಂದು ಕಾಲಕ್ಕೆ ನಿಫ್ಟಿ 50ರ ಪಟ್ಟಿಯಲ್ಲಿತ್ತು. 2012ರಲ್ಲಿ ಪಟ್ಟಿಯಿಂದ ತೆಗೆದ್ರು. ಬೇರೆ ಕಂಪನಿ ಬಂತು. ನಿಫ್ಟಿ ಇಟಿಎಫ್ ಇದ್ದವರಿಗೆ ಅದು ಗೊತ್ತೂ ಆಗಲಿಲ್ಲ. ಬುಟ್ಟಿಯಲ್ಲಿ ಒಂದು ಹಣ್ಣು ತೆಗೆದು ಇನ್ನೊಂದು ಇಟ್ಟ ಹಾಗೆ. ನಿಫ್ಟಿ ಯಾವಾಗಲೂ ಮೇಲೆ ಹೋಗುತ್ತೆ ಅಂತ ಹೇಳ್ತಾರಲ್ಲ, ಅದರ ಹಿಂದಿನ ಒಂದು ಗುಟ್ಟು ಇದು. ಸೋತೋರನ್ನ ಆರು ತಿಂಗಳಿಗೊಮ್ಮೆ ಪರಿಶೀಲಿಸಿ ಹೊರಗೆ ಹಾಕ್ತಾರೆ. ಭದ್ರಾವತಿ ಹಾಗೆ ಮಾಡೋಕೆ ಆಗುತ್ತಾ? ಕಾರ್ಖಾನೆ ಸೋತರೆ ಊರು ಇನ್ನೊಂದು ಕಾರ್ಖಾನೆ ತಂದಿಟ್ಟುಕೊಳ್ಳೋಕೆ ಆಗಲಿಲ್ಲ. ಕ್ವಾರ್ಟರ್ಸ್ ಖಾಲಿ ಆದ್ವು. ನಮ್ಮ ಹುಡುಗರು ಬೆಂಗಳೂರು ಬಸ್ ಹತ್ತಿದ್ರು.

ಒಂದೇ ಕಾರ್ಖಾನೆ ನಂಬಿದ ಊರಿಗೆ ಆದದ್ದು ಒಂದೇ ದೇಶ ನಂಬಿದ ದುಡ್ಡಿಗೂ ಆಗಬಹುದು. ಜಪಾನ್ ಬಡ ದೇಶ ಅಲ್ಲ. 1989ರ ಡಿಸೆಂಬರ್‌ನಲ್ಲಿ ಅವರ ನಿಕ್ಕಿ ಸೂಚ್ಯಂಕ 38,900 ದಾಟಿತ್ತು. ಮತ್ತೆ ಆ ಮಟ್ಟ ಮುಟ್ಟಿದ್ದು 2024ರ ಫೆಬ್ರವರಿಯಲ್ಲಿ. ಮೂವತ್ತನಾಲ್ಕು ವರ್ಷ. ತುದಿಯಲ್ಲಿ ಎಲ್ಲ ದುಡ್ಡು ಹಾಕಿದವನು ಮುದುಕನಾಗಿ ಹೋದ. ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿದಾಗ, 2022ರ ಮಾರ್ಚ್‌ನಲ್ಲಿ, ಅಮೆರಿಕದಲ್ಲಿದ್ದ ರಷ್ಯಾ ಇಟಿಎಫ್‌ಗಳ ವಹಿವಾಟೇ ನಿಂತೋಯ್ತು. ಬಟನ್ ಇತ್ತು, ಒತ್ತಿದ್ರೆ ಏನೂ ಆಗ್ತಿರಲಿಲ್ಲ. ಅಮೆರಿಕದವನಿಗೆ ಇಂಡಿಯಾ ಇಟಿಎಫ್ ಅಂದ್ರೆ ಹತ್ತು ಬುಟ್ಟಿಯಲ್ಲಿ ಒಂದು ಬುಟ್ಟಿ. ನಮಗೆ? ಕೆಲಸ ಇಲ್ಲಿ, ಮನೆ ಇಲ್ಲಿ, ಪಿಎಫ್ ಇಲ್ಲಿ, ಮಕ್ಕಳ ಭವಿಷ್ಯ ಇಲ್ಲಿ. ಅದರ ಮೇಲೆ ಉಳಿದ ಎರಡು ಸಾವಿರವನ್ನೂ ಇಲ್ಲೇ ಹಾಕಿದ್ರೆ ಎಲ್ಲ ಒಂದೇ ಸಲ ಮುಳುಗುತ್ತೆ, ಇಲ್ಲಾ ಒಂದೇ ಸಲ ತೇಲುತ್ತೆ. ಇಂಡಿಯಾ ಇಟಿಎಫ್ ಅಂದ್ರೆ ಅಪಾಯ ಹಂಚಿಹೋಯ್ತು ಅನ್ನೋ ಮಾತು ನಮಗೆ ಅರ್ಧ ಮಾತ್ರ ನಿಜ. ಕಂಪನಿ ಕಂಪನಿ ನಡುವೆ ಹಂಚಿತು. ದೇಶ ಒಂದೇ ಉಳೀತು.

ಇನ್ನೊಂದು ಹೇಳಲೇಬೇಕು, ಯಾಕಂದ್ರೆ ಇದು ನೇರವಾಗಿ ನಮ್ಮ ಮೀಸಲಾತಿ ವಿಷಯ. ಮೇಲೆ ಸಿಪಿಎಸ್‌ಇ, ಭಾರತ್ 22 ಅಂತ ಎರಡು ಹೆಸರು ಹೇಳಿದೆ. ಒಂದು 2014ರಲ್ಲಿ ಬಂತು, ಇನ್ನೊಂದು 2017ರಲ್ಲಿ. ಹೆಸರು ಚೆನ್ನಾಗಿದೆ, ಭಾರತ. ಇವು ಸರ್ಕಾರ ತನ್ನ ಕಂಪನಿಗಳ ಷೇರನ್ನ ಬುಟ್ಟಿ ಕಟ್ಟಿ ಮಾರೋಕೆ ಮಾಡಿಕೊಂಡ ದಾರಿ. ಒಎನ್‌ಜಿಸಿ, ಕೋಲ್ ಇಂಡಿಯಾ, ಎನ್‌ಟಿಪಿಸಿ, ನಮ್ಮ ಬೆಂಗಳೂರಿನ ಬಿಇಎಲ್ ಇಂಥ ಕಂಪನಿಗಳ ಚೂರುಗಳು. ಭದ್ರಾವತಿಯ ಹಾಗೆ ಇಡೀ ಕಾರ್ಖಾನೆ ಹರಾಜಿಗಿಟ್ಟರೆ ಜನ ಧರಣಿ ಕೂರ್ತಾರೆ, ಪೇಪರಲ್ಲಿ ಬರುತ್ತೆ. ಇಟಿಎಫ್ ಮೂಲಕ ಶೇ. 2, ಶೇ. 3 ಮಾರಿದ್ರೆ ಗೇಟ್ ಮುಂದೆ ಯಾರೂ ಕೂರಲ್ಲ. ಯಾವ ಗೇಟ್ ಅಂತ ಕೂರೋದು?

ಸರ್ಕಾರದ ಪಾಲು ಶೇ. 51ಕ್ಕಿಂತ ಕೆಳಗೆ ಇಳಿದ ದಿನ ಅದು ಸಾರ್ವಜನಿಕ ಉದ್ಯಮ ಅನ್ನಿಸಿಕೊಳ್ಳಲ್ಲ. ಆ ದಿನ ಎಸ್‌ಸಿ ಶೇ. 15, ಎಸ್‌ಟಿ ಶೇ. 7.5 ಅನ್ನೋ ನೇಮಕಾತಿ ಲೆಕ್ಕವೂ ಮುಗೀತು. ಅಲ್ಲಿಗೆ ಇಳಿಯೋವರೆಗೂ ಮೀಸಲಾತಿ ಇದ್ದೇ ಇರುತ್ತೆ ನಿಜ. ಆದ್ರೆ ಮೆಟ್ಟಿಲು ಮೆಟ್ಟಿಲು ಇಳೀತಿರೋದನ್ನ ನೋಡದೇ ಇರೋಕಾಗಲ್ಲ. ಆ ಚೂರುಗಳನ್ನ ಕೊಳ್ಳೋಕೆ ಬಳಕೆ ಆಗ್ತಿರೋ ದುಡ್ಡಲ್ಲಿ ನಮ್ಮ ಪಿಎಫ್ ಕೂಡ ಇದೆ. ಅಪ್ಪನ ತಲೆಮಾರಿಗೆ ಕಾಯೋ ಶಕ್ತಿ ಕೊಟ್ಟ ಕೆಲಸವನ್ನ, ಮಗನ ತಲೆಮಾರಿನ ಉಳಿತಾಯ ಹೀಗೆ ತುಂಡು ತುಂಡಾಗಿ ಕೊಳ್ತಿದೆ.

ಹಾಗಾದ್ರೆ ಏನು ಮಾಡೋಣ? ಷೇರು ಇದ್ದೋನಿಗೆ ಕಂಪನಿಯಲ್ಲಿ ಮತ ಇರುತ್ತೆ. ಇಟಿಎಫ್ ಇದ್ದೋನಿಗೆ ಇಲ್ಲ. ಅವನ ಪರವಾಗಿ ಫಂಡ್ ಕಂಪನಿ ಮತ ಹಾಕುತ್ತೆ. ಪಿಎಫ್ ದುಡ್ಡಿನ ಇಟಿಎಫ್‌ಗೂ ಹಾಗೇ. ಕೋಟಿಗಟ್ಟಲೆ ಕಾರ್ಮಿಕರ ದುಡ್ಡು ದೇಶದ ದೊಡ್ಡ ಕಂಪನಿಗಳ ಒಳಗಿದೆ, ಅವರ ಒಂದು ಮತವೂ ಇಲ್ಲ. ರಾಜಕೀಯದಲ್ಲಿ ಸಮಾನತೆ, ಬದುಕಿನಲ್ಲಿ ಅಸಮಾನತೆ ಅನ್ನೋ ವಿರೋಧಾಭಾಸಕ್ಕೆ ಕಾಲಿಡ್ತಿದ್ದೀವಿ ಅಂತ ಬಾಬಾಸಾಹೇಬರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದು ಇಂಥದ್ದನ್ನೇ ಅಂತ ನಾನು ಓದಿಕೊಳ್ತೀನಿ.

ಆದ್ರೆ ಹಿಡಿಯೋಕೆ ಎರಡು ಜಾಗ ಇದೆ. ಒಂದು, ಮ್ಯೂಚುಯಲ್ ಫಂಡ್‌ಗಳು ಕಂಪನಿ ನಿರ್ಣಯಗಳ ಮೇಲೆ ಮತ ಹಾಕಲೇಬೇಕು, ಏನು ಹಾಕಿದ್ವಿ ಅಂತ ಪ್ರಕಟಿಸಬೇಕು ಅಂತ ಸೆಬಿ ನಿಯಮ ಇದೆ. ಪಿಎಫ್‌ನ ಕೇಂದ್ರ ಟ್ರಸ್ಟಿ ಮಂಡಳಿಯಲ್ಲಿ ಕಾರ್ಮಿಕ ಸಂಘಗಳ ಪ್ರತಿನಿಧಿಗಳಿದ್ದಾರೆ. ನಮ್ಮ ದುಡ್ಡಿನ ಹೆಸರಲ್ಲಿ ಹಾಕಿದ ಮತ ಯಾವ ಕಡೆಗೆ ಅಂತ ಅವರು ಕೇಳಬೇಕು. ಕೇಳ್ತೀರಾ ಅಂತ ನಾವು ಅವರನ್ನ ಕೇಳಬೇಕು. ಭದ್ರಾವತಿ, ಶಿವಮೊಗ್ಗದಲ್ಲಿ ಎಲ್ಲ ಯೂನಿಯನ್‌ಗಳ ಆಫೀಸೂ ಇದೆ, ನಾಳೆಯೇ ಹೋಗಬಹುದು.

ಎರಡು, 2022-23ರಿಂದ ಷೇರುಪೇಟೆಯ ಮೊದಲ 1,000 ಕಂಪನಿಗಳು ಪ್ರತಿ ವರ್ಷ ಬಿಆರ್‌ಎಸ್‌ಆರ್ ಅನ್ನೋ ಜವಾಬ್ದಾರಿ ವರದಿ ಕೊಡಲೇಬೇಕು. ಕೆಲಸಗಾರರಲ್ಲಿ ಹೆಣ್ಣುಮಕ್ಕಳೆಷ್ಟು, ಅಂಗವಿಕಲರೆಷ್ಟು ಅಂತ ಅದರಲ್ಲಿ ಕಾಲಂ ಇದೆ. ಒಳ್ಳೇದು. ಎಸ್‌ಸಿ ಎಷ್ಟು, ಎಸ್‌ಟಿ ಎಷ್ಟು ಅನ್ನೋ ಕಾಲಂ ಇಲ್ಲ. ಕ್ಲರ್ಕ್ ಆಗಿ ಇಪ್ಪತ್ತು ವರ್ಷ ಕೆಲಸ ಮಾಡಿದೋನು ನಾನು. ಒಂದು ಮಾತು ಹೇಳ್ತೀನಿ, ಕಾಲಂ ಇಲ್ಲದ್ದು ಫೈಲಲ್ಲಿ ಇರಲ್ಲ, ಫೈಲಲ್ಲಿ ಇಲ್ಲದ್ದಕ್ಕೆ ಯಾರೂ ಉತ್ತರ ಕೊಡಲ್ಲ. ಖಾಸಗಿ ಕ್ಷೇತ್ರದಲ್ಲಿ ಮೀಸಲಾತಿ ಬೇಕು ಅಂತ ಇಪ್ಪತ್ತು ವರ್ಷದಿಂದ ಕೇಳ್ತಿದ್ದೀವಿ. ಕಂಪನಿಗಳು ಸ್ವಇಚ್ಛೆಯಿಂದ ಮಾಡ್ತೀವಿ ಅಂದುಕೊಂಡೇ ಬಂದಿವೆ. ಎಷ್ಟು ಮಾಡಿದ್ರಿ ಅಂತ ತೋರಿಸೋ ಕಾಲಂ ಒಂದನ್ನ ಮೊದಲು ಕೇಳೋಣ. ಸೆಬಿಗೆ ಮನವಿ ಬರೆಯೋಣ. ನಮ್ಮ ಎಂಪಿಗೆ ಕೊಡೋಣ. ಇದು ಭಿಕ್ಷೆ ಅಲ್ಲ, ದುಡ್ಡು ಹಾಕಿದವನು ಲೆಕ್ಕ ಕೇಳೋದು.

ಆ ಹುಡುಗನಿಗೆ ನಿನ್ನೆ ಫೋನ್ ಮಾಡಿದ್ದೆ. ಮೊದಲು ಕ್ಷಮೆ ಕೇಳಿದೆ. ಆಮೇಲೆ ಕೇಳಿದೆ, "ತಮ್ಮಾ, ಮನೆಯಲ್ಲಿ ಬಡ್ಡಿ ಸಾಲ ಇದೆಯಾ?" ಇದೆ ಅಂದ. ಅಮ್ಮ ಸಂಘದಲ್ಲಿ ತಗೊಂಡಿದ್ದು, ಜೊತೆಗೆ ಒಬ್ಬರ ಹತ್ರ ಕೈಸಾಲ, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ. ಅಂದ್ರೆ ವರ್ಷಕ್ಕೆ ಮೂವತ್ತಾರು. ಯಾವ ದೇಶದ ಯಾವ ಇಟಿಎಫ್ ವರ್ಷ ವರ್ಷ ಮೂವತ್ತಾರು ಕೊಡುತ್ತೆ? ಮೊದಲು ಅದನ್ನ ತೀರಿಸು ಅಂದೆ. ಆಮೇಲೆ ಆರು ತಿಂಗಳ ಖರ್ಚು ಬ್ಯಾಂಕಲ್ಲಿ ಎತ್ತಿಡು. ತಂಗಿ ನರ್ಸಿಂಗ್ ಫೀಸ್ ದುಡ್ಡು ಷೇರಿಗೆ ಮುಟ್ಟಿಸಬೇಡ. ಅದಾದ ಮೇಲೂ ಉಳಿದ್ರೆ, ಏಳೆಂಟು ವರ್ಷ ಮುಟ್ಟದೇ ಇರೋಕೆ ಆಗೋ ದುಡ್ಡಾದ್ರೆ, ಹಾಕು. ದೊಡ್ಡ, ಚೆನ್ನಾಗಿ ವಹಿವಾಟು ಇರೋ, ಖರ್ಚು ಕಡಿಮೆ ಇರೋ ಒಂದೇ ಇಟಿಎಫ್ ಸಾಕು. ಕೊಳ್ಳೋವಾಗ ಆ ದಿನದ ಎನ್‌ಎವಿ ನೋಡಿಕೋ, ಅದಕ್ಕಿಂತ ಜಾಸ್ತಿ ಬೆಲೆ ಕೊಡಬೇಡ. ಎಲ್ಲವನ್ನೂ ಅಲ್ಲೇ ಇಡಬೇಡ, ಅಂಚೆ ಕಚೇರಿಗೂ ಸ್ವಲ್ಪ ಹಾಕು.

ಮತ್ತೆ ಒಂದು ಆಣೆ ಮಾಡಿಸಿಕೊಂಡೆ. ಎಫ್ ಅಂಡ್ ಓ ಕಡೆ ತಲೆ ಹಾಕಿಯೂ ಮಲಗಬೇಡ. 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಅದಕ್ಕೆ ಇಳಿದ ಸಣ್ಣವರಲ್ಲಿ ನೂರಕ್ಕೆ 93 ಜನ ದುಡ್ಡು ಕಳೆದುಕೊಂಡರು ಅಂತ ಸೆಬಿಯೇ ಲೆಕ್ಕ ಕೊಟ್ಟಿದೆ. ಅಪ್ಪನ ಕಾಲದ ಫೈನಾನ್ಸ್‌ನವನು ಈಗ ಮನೆ ಬಾಗಿಲಿಗೆ ಬರಲ್ಲ, ಟೆಲಿಗ್ರಾಂ ಗ್ರೂಪಲ್ಲಿ ಬರ್ತಾನೆ.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ, "ಸರಿ ಅಣ್ಣ, ಎರಡು ಸಾವಿರ ನಿಲ್ಲಿಸಿ ಮೊದಲು ಅಮ್ಮನ ಸಾಲ ತೀರಿಸ್ತೀನಿ. ಆದ್ರೆ ಆ ಕಾಲಂ ವಿಷಯ ನನಗೆ ಬಿಡಿ, ಇಂಗ್ಲಿಷಲ್ಲಿ ಮನವಿ ನಾನು ಬರೀತೀನಿ." ಇವನನ್ನೇ ನಾವು ಮೊನ್ನೆ ಟೀ ಅಂಗಡಿಯಿಂದ ಓಡಿಸಿದ್ವಿ.

ಹಿರಿಯ ಸಂಗಾತಿಗಳಿಗೆ ಕೊನೇದಾಗಿ ಒಂದು ಮಾತು. ನಮ್ಮ ಜಿಲ್ಲೆ ಕಾಗೋಡಿನ ಜಿಲ್ಲೆ. 1951ರಲ್ಲಿ ಗೇಣಿದಾರರು ಎದ್ದು ನಿಂತರು. 1974ರ ಭೂಸುಧಾರಣೆಯಲ್ಲಿ ಉಳುವವನಿಗೆ ಭೂಮಿ ಸಿಕ್ತು. ಅದೇ ಹೊಲದಲ್ಲಿ ಕೂಲಿ ಮಾಡ್ತಿದ್ದ ನಮ್ಮವರಲ್ಲಿ ಬಹಳ ಜನಕ್ಕೆ ಸಿಗಲಿಲ್ಲ. ಯಾಕೆ? ಗೇಣಿ ಕಾಗದದಲ್ಲಿ ನಮ್ಮ ಹೆಸರು ಇರಲಿಲ್ಲ. ಅದಕ್ಕೇ ನಮ್ಮ ಚಳವಳಿ ಭೂಮಿ ಕೇಳುತ್ತಾ ಬಂತು, ಈಗಲೂ ಕೇಳ್ತಿದೆ. ಇವತ್ತು ಆಸ್ತಿ ಅಂದ್ರೆ ಹೊಲ ಮಾತ್ರ ಅಲ್ಲ. ಕಂಪನಿಗಳ ಒಡೆತನವೂ ಆಸ್ತಿ. ಅದರ ಕಾಗದದಲ್ಲೂ ನಮ್ಮ ಹೆಸರು ಇಲ್ಲದೇ ಇನ್ನೊಂದು ಐವತ್ತು ವರ್ಷ ಕಳೆಯೋದು ಬೇಡ. ನಮ್ಮ ದುಡ್ಡು ಈಗಾಗಲೇ ಅಲ್ಲಿದೆ.

ಧರಣಿ ಬಿಡಬೇಡಿ. ಖಾಯಂ ಕೆಲಸ ಕೇಳೋದು ಬಿಡಬೇಡಿ. ಕಾರ್ಖಾನೆ ಗೇಟ್ ಮುಂದೆ ಮತ್ತೆ ಕೂರಬೇಕಾದ್ರೆ ನಾನು ಬರ್ತೀನಿ, ಒಂದು ಸಾವಿರದ ಇಟಿಎಫ್ ಇಟ್ಟುಕೊಂಡೇ ಬರ್ತೀನಿ. ನಿಮ್ಮಲ್ಲಿ ಪಿಎಫ್ ಇರೋರು ಈ ವಾರ ಪಾಸ್‌ಬುಕ್ ತೆಗೆದು ಒಮ್ಮೆ ನೋಡಿ. ಮನವಿ ಕರಡು ತಯಾರಾದ ಮೇಲೆ ಇಲ್ಲೇ ಹಾಕ್ತೀನಿ, ಸಹಿ ಹಾಕೋರು ಕೆಳಗೆ ಹೆಸರು ಹೇಳಿ. ಒಪ್ಪದೇ ಇರೋರು ಯಾಕೆ ಅಂತ ಬರೀರಿ, ಭಾನುವಾರ ಟೀಗೆ ಬನ್ನಿ.

ಜೈ ಭೀಮ್.